ಕಾಲಂ ಒಣಗಲು ಬಿಡದಾಕೆ

ಆಕೆ ತೀರಿಕೊಂಡ ಸುದ್ದಿಯನ್ನು ನನಗೆ ಫೋನಿನಲ್ಲಿ ಹೇಳಿದವಳು ರಾಮದುರ್ಗದ ಒಬ್ಬ ಹಳೆಯ ವಿದ್ಯಾರ್ಥಿನಿ. ಹದಿನೈದು ದಿನದ ಜ್ವರವಂತೆ. ಹಿಂದಿನ ಸಂಜೆ ತವರೂರು ಸಂಪಗಾಂವದಲ್ಲಿ ಮಣ್ಣು ಮಾಡಿದರಂತೆ. "ರಾಮದುರ್ಗದಿಂದ ಎರಡ ಟೆಂಪೋ ತುಂಬಿ ಹುಡುಗ್ಯಾರು ಹೋಗಿದ್ವಿ ಮೇಡಂ. ಓಣ್ಯಾಗ ನಿಲ್ಲಾಕ ಜಾಗಾ ಇರಲಿಲ್ಲರಿ" ಎಂದು ಹೇಳುತ್ತ ಅವಳು ಬಿಕ್ಕಿದಳು.

ಎರಡು ಟೆಂಪೋ ಎಂದು ಕೇಳಿದೊಡನೆ ನಾನು ಮನಸ್ಸಿನಲ್ಲೇ ಎಣಿಸಿದೆ: ನಾನು ಸತ್ತರೆ ಎಷ್ಟು ಜನ ಬಂದಾರು? ಕಾಲೇಜಿನವರು ಬರುತ್ತಾರೆ, ಅರ್ಧ ದಿನ ರಜೆ ಸಿಗುತ್ತದಲ್ಲ. ಹುಡುಗಿಯರು ಟೆಂಪೋ ಮಾಡಿಕೊಂಡು ಬರುವುದಿಲ್ಲ. ದುಃಖ ಆಮೇಲೆ ಬಂತು, ಸುಳ್ಳು ಹೇಳುವುದಿಲ್ಲ. ಮೊದಲು ಬಂದದ್ದು ಹೊಟ್ಟೆಕಿಚ್ಚು. ಬದುಕಿದ್ದಾಗ ಆಕೆಯನ್ನು ಕಂಡು ಉರಿದವಳು ನಾನು, ಸತ್ತ ಮೇಲೂ ಬಿಡಲಿಲ್ಲ.

ತೊಂಬತ್ತರ ದಶಕದ ನಡುವೆ ಬೈಲಹೊಂಗಲದ ಒಂದು ಕಾಲೇಜಿಗೆ ನಾವಿಬ್ಬರೂ ಒಂದೇ ತಿಂಗಳಲ್ಲಿ ಸೇರಿದೆವು. ಜೀವರಸಾಯನಶಾಸ್ತ್ರ ಅಲ್ಲಿ ಹೊಸ ವಿಷಯ, ನಾವಿಬ್ಬರೂ ಹಂಗಾಮಿ. ಎರಡು ವರ್ಷದ ನಂತರ ಒಂದು ಹುದ್ದೆ ಕಾಯಂ ಆಗುತ್ತದೆ, ಒಂದೇ ಒಂದು, ಎಂದು ಪ್ರಾಂಶುಪಾಲರು ಮೊದಲ ದಿನವೇ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದರು. ನಾನು ಆವತ್ತೇ ಆ ಹುದ್ದೆಯ ಮೇಲೆ ಟವೆಲ್ ಹಾಕಿ ಸೀಟು ಹಿಡಿದಾಗಿತ್ತು. ಹಿಡಿಯಬಾರದೇಕೆ? ನನ್ನದು ಚಿನ್ನದ ಪದಕ. ಸವದತ್ತಿಯಲ್ಲಿ ನನ್ನ ಅಜ್ಜ ಪುರಾಣ ಹೇಳಿದವರು, ಅಪ್ಪ ಪಂಚಾಂಗ ನೋಡಿ ನಾಲ್ಕು ಊರಿಗೆ ಮುಹೂರ್ತ ಇಟ್ಟುಕೊಡುವವರು. ಆಕೆಯದು ಸೆಕೆಂಡ್ ಕ್ಲಾಸ್. ಅಪ್ಪ ಕಲಾಯಿ ಕೆಲಸದವರು, ಸೈಕಲ್ ಮೇಲೆ ತಿದಿ ಕಟ್ಟಿಕೊಂಡು ಊರೂರು ತಿರುಗಿ ತಾಮ್ರ ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿಯುವವರು. "ನವಸಾಗರ ಅಂದ್ರ ಅಮೋನಿಯಂ ಕ್ಲೋರೈಡ್ ಅಂತ ಕಾಲೇಜಿಗೆ ಬಂದ ಮ್ಯಾಲೆ ಗೊತ್ತಾತ್ರಿ. ಅದರ ಹೊಗಿ ಮಾತ್ರ ತೊಟ್ಟಲದಾಗ ಇದ್ದಾಗಿಂದ ಕುಡದೇನಿ" ಎಂದು ಆಕೆ ನಗುತ್ತಿದ್ದಳು. ಇಂಥವಳು ನನಗೆ ಸರಿಸಾಟಿಯೇ ಎಂದು ಮೊದಲ ತಿಂಗಳು ನಾನೂ ನಕ್ಕಿದ್ದೆ.

ನನ್ನ ನಗು ನಿಂತದ್ದು ಕಾಲಂ ಪ್ರಯೋಗ ಶುರುವಾದ ಮೇಲೆ. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ಹಳದಿ ನೀರೇ ಸೀರಮ್. ಅದರಲ್ಲಿ ಹತ್ತಾರು ಬಗೆಯ ಪ್ರೋಟೀನುಗಳು ಒಂದರೊಳಗೊಂದು ಬೆರೆತಿರುತ್ತವೆ. ಅವುಗಳನ್ನು ಬಿಡಿಸಬೇಕು. ಒಂದು ಉದ್ದ ಗಾಜಿನ ಕೊಳವೆಗೆ, ಅದೇ ಕಾಲಂ, ಸೆಲ್ಯುಲೋಸ್ ಪುಡಿಯನ್ನು ತುಂಬುತ್ತೇವೆ. ಆ ಪುಡಿಗೆ ಧನ ವಿದ್ಯುದಂಶ ಇರುತ್ತದೆ. ಸೀರಮನ್ನು ಮೇಲಿನಿಂದ ಬಿಟ್ಟರೆ ಋಣ ವಿದ್ಯುದಂಶವಿರುವ ಪ್ರೋಟೀನುಗಳು ಪುಡಿಗೆ ಅಂಟಿಕೊಳ್ಳುತ್ತವೆ, ಅಂಟದವು ಮೊದಲೇ ಕೆಳಗಿಳಿದು ಹೋಗುತ್ತವೆ. ಆಮೇಲೆ ಉಪ್ಪಿನ ದ್ರಾವಣವನ್ನು ಸ್ವಲ್ಪಸ್ವಲ್ಪವೇ ಗಟ್ಟಿ ಮಾಡುತ್ತಾ ಬಿಡಬೇಕು. ಸಡಿಲವಾಗಿ ಅಂಟಿದ್ದು ಮೊದಲು, ಬಿಗಿಯಾಗಿ ಅಂಟಿದ್ದು ಕೊನೆಗೆ ಕಳಚಿಕೊಂಡು ಬರುತ್ತದೆ. ಬೇರೆ ಬೇರೆ ನಳಿಕೆಗಳಲ್ಲಿ ಹಿಡಿದು ನೀಲಿ ಬೈಯುರೆಟ್ ದ್ರಾವಣ ಹಾಕಿದರೆ ಪ್ರೋಟೀನು ಇರುವ ನಳಿಕೆಗಳು ನೇರಳೆಯಾಗುತ್ತವೆ. ಇಷ್ಟನ್ನೇ ನಾನು ಬೋರ್ಡಿನ ಮೇಲೆ ಮುಕ್ಕಾಲು ತಾಸು ಬರೆದೆ, ಸಮೀಕರಣ ಸಮೇತ. ಹುಡುಗರು ಗೋಣು ಕೆಳಗೆ ಹಾಕಿ ನಕಲು ಮಾಡಿಕೊಂಡರು.

ಪಕ್ಕದ ಕೋಣೆಯಲ್ಲಿ ಇನ್ನೊಂದು ತಂಡಕ್ಕೆ ಆಕೆ ಅದನ್ನೇ ಹೇಳುತ್ತಿದ್ದಳು. "ಜಾತ್ರಿ ಹುಣ್ಣಿಮಿ ದಿವಸ ಸವದತ್ತಿ ಬಸ್ ಹತ್ತೀರಿಲ್ಲ? ಪುಡಿ ಅಂದ್ರ ಸೀಟು. ಪ್ರೋಟೀನ್ ಅಂದ್ರ ಕುಂತ ಮಂದಿ. ಉಪ್ಪು ಅಂದ್ರ ಸ್ಟಾಪಿಗೊಮ್ಮೆ ಹತ್ತೋ ಗದ್ದಲ. ತುದಿ ಮ್ಯಾಲೆ ಕುಂತಾಂವ ಒಂದ ನೂಕಿಗೆ ಎದ್ದ ಬೀಳತಾನ. ಆಲ್ಬುಮಿನ್ ಅನ್ನೂದು ಕಿಡಕಿ ಸೀಟಿನ ಮುದಕಿ. ಆಕಿನ್ನ ಎಬ್ಬಸಬೇಕಾದ್ರ ಭಾಳ ಮಂದಿ ಬೇಕು." ಹುಡುಗರು ಹೋ ಎಂದು ನಕ್ಕ ಸದ್ದು ಗೋಡೆ ದಾಟಿ ಬಂತು. ನನ್ನ ತಂಡದ ಹುಡುಗರು ತಲೆ ಎತ್ತಿ ಆ ಗೋಡೆಯ ಕಡೆ ನೋಡಿದರು. ನಾನು ದಿನಾ ಅದೇ ಸವದತ್ತಿ ಬಸ್ಸಿನಲ್ಲಿ ಒಂದು ತಾಸು ನೇತಾಡುತ್ತ ಬರುವವಳು, ನನಗೇಕೆ ಅದು ಹೊಳೆಯಲಿಲ್ಲ ಎಂದು ಆವತ್ತು ಊಟ ಸೇರಲಿಲ್ಲ.

ಮಾತು ಹೋಗಲಿ, ಕೈ ಇನ್ನೂ ಹೆಚ್ಚಿನದು. ಕಾಲಂ ತುಂಬುವುದೆಂದರೆ ಪುಡಿಯನ್ನು ಗಂಜಿಯ ಹಾಗೆ ಕಲಸಿ ಗಾಜಿನ ಕಡ್ಡಿಯ ಮೇಲಿಂದ ಒಂದೇ ಸಮನೆ ಇಳಿಸಬೇಕು. ನಡುವೆ ಒಂದು ಗುಳ್ಳೆ ಸಿಕ್ಕಿದರೂ ಕೆಟ್ಟಿತು. ನಾನು ತುಂಬಿದ್ದರಲ್ಲಿ ಗುಳ್ಳೆ ಇರುತ್ತಿತ್ತು, ಇಲ್ಲವೆ ಬಿರುಕು. ಆಕೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಬೆರಳ ಗೆಣ್ಣಿನಿಂದ ಗಾಜನ್ನು ಟಕ್ ಟಕ್ ಬಡಿಯುತ್ತಾ ಇಳಿಸಿದರೆ ಪುಡಿ ಹಾಲಿನ ಹಾಗೆ ಕೂತುಬಿಡುತ್ತಿತ್ತು. ಕೈಗೆ ಗಡಿಯಾರ ಕಟ್ಟುತ್ತಿರಲಿಲ್ಲ, ಹನಿಗಳನ್ನು ತುಟಿಯಲ್ಲೇ ಎಣಿಸುತ್ತಿದ್ದಳು. ಪುಡಿಯ ಮೇಲೆ ಯಾವಾಗಲೂ ಎರಡು ಬೆರಳು ನೀರು ನಿಂತಿರಬೇಕು, ಅದು ಇಳಿದು ಪುಡಿ ಒಣಗಿದರೆ ದಿನದ ಕೆಲಸವೆಲ್ಲ ನೀರುಪಾಲು. ಆದ್ದರಿಂದ ಕಾಲಂ ಓಡುವಾಗ ಆಕೆ ಊಟಕ್ಕೂ ಏಳುತ್ತಿರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ರೊಟ್ಟಿ ಸುತ್ತಿಕೊಂಡು ತಿನ್ನುತ್ತಿದ್ದಳು. ಯಾರಾದರೂ ನಲ್ಲಿಯನ್ನು ಜೋರಾಗಿ ತಿರುವಿದರೆ ಕೈ ಹಿಡಿಯುತ್ತಿದ್ದಳು: "ಅವಸರ ಮಾಡಿದ್ರ ಅವೆಲ್ಲಾ ಕೂಡೇ ಬರತಾವು. ಹಂಗ ಬರೂದಾದ್ರ ನಾವ್ಯಾಕ ಬೇಕು?"

ಆಕೆಯ ನಳಿಕೆಗಳಲ್ಲಿ ನೇರಳೆ ಬಣ್ಣ ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ನನ್ನವು ಎಲ್ಲವೂ ಒಂದೇ ಥರ ಮಾಸಲು. ಹುಡುಗರು ನನ್ನ ಕಡೆ ಬರುತ್ತಿದ್ದುದು ಹಾಜರಿಗೆ, ಆಕೆಯ ಕಡೆ ಬರುತ್ತಿದ್ದುದು ಕಲಿಯಲು.

ರಕ್ತ ತರುವವಳೂ ಆಕೆಯೇ. ಬೈಲಹೊಂಗಲದ ಪೇಟೆಯಲ್ಲಿ ಆಕೆಯ ಸೋದರಮಾವನ ಮಟನ್ ಅಂಗಡಿ ಇತ್ತು. ಅವರು ಮುಸಲ್ಮಾನರು, ರಕ್ತ ತಿನ್ನುವುದಿಲ್ಲ, ಅದು ಹಾಗೇ ಹರಿದುಹೋಗುವಂಥದ್ದು. ಹಾಗಾಗಿ ಮಾವ ತೊಳೆದ ಗಾಜಿನ ಬರಣಿಯಲ್ಲಿ ನೇರವಾಗಿ ಹಿಡಿದು ಕೊಡುತ್ತಿದ್ದ. ಮುಚ್ಚಿದ ಬರಣಿ ಮೇಜಿನ ಮೇಲೆ ಬಂದರೆ ನಾನು ಕಿಟಕಿಯ ಕಡೆ ಸರಿಯುತ್ತಿದ್ದೆ. ರಕ್ತದ ಪ್ರೋಟೀನುಗಳ ಬಗ್ಗೆ ಬರೆದು ಪದಕ ಪಡೆದವಳು ನಾನು, ರಕ್ತವನ್ನು ಮಾತ್ರ ನೋಡಲಾರೆ. ಆಕೆಗೆ ಅದು ತಮಾಷೆ. "ಹಳದಿ ಆಗೋಮಟ ನನಗಿರಲಿರಿ ಮೇಡಂ. ಹಳದಿ ಆದ ಮ್ಯಾಲೆ ನಿಮ್ಮ ಮಡಿಗೆ ಏನೂ ಆಗೂದಿಲ್ಲ" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ನಾನೂ ನಗಬೇಕಾಗುತ್ತಿತ್ತು.

ಎರಡನೆಯ ವರ್ಷದ ಕೊನೆಗೆ ಆಯ್ಕೆ ಸಮಿತಿ ಬರುವ ದಿನ ಗೊತ್ತಾಯಿತು. ಮಂಗಳವಾರ ಮಧ್ಯಾಹ್ನ ಅವರು ಪ್ರಯೋಗಾಲಯಕ್ಕೇ ಬಂದು ಇಬ್ಬರ ಕೆಲಸವನ್ನೂ ನೋಡುತ್ತಾರೆ. ಇಬ್ಬರೂ ಒಂದೊಂದು ಕಾಲಂ ಓಡಿಸಿ ತೋರಿಸಬೇಕು. ಆಕೆ ಎಂದಿನ ಹಾಗೆ, "ನಿಮಗೂ ಸೇರಿಸೇ ರಕ್ತ ತರತೇನ್ರಿ" ಎಂದಳು. ಬೇಡ ಎಂದೆ. ಆಕೆಯ ಬರಣಿಯಿಂದ ಆಕೆಯನ್ನು ಸೋಲಿಸುವುದೇ? ಗೆದ್ದರೆ ಪೂರ್ತಿ ನನ್ನದೇ ಆಗಿರಬೇಕು.

ಸವದತ್ತಿಯಲ್ಲಿ ತರುವಂತಿಲ್ಲ, ಅಪ್ಪನನ್ನು ತಿಳಿಯದ ಅಂಗಡಿ ಇಲ್ಲ. ಬೈಲಹೊಂಗಲದಲ್ಲಿ ತರುವಂತಿಲ್ಲ, ಓಣಿಗೊಬ್ಬ ವಿದ್ಯಾರ್ಥಿ. ಭಾನುವಾರ ಮುಂಜಾನೆ, ಕಾಲೇಜಿನಲ್ಲಿ ಕೆಲಸವಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿ, ಕಿತ್ತೂರಿಗೆ ಹೋದೆ. ಹೆದ್ದಾರಿಯ ಬದಿಯಲ್ಲಿ ಒಂದು ಅಂಗಡಿ, ಹೊರಗೆ ಲಾರಿಗಳು. ತಲೆ ತುಂಬ ಸೆರಗು ಹೊದ್ದು ದೊಡ್ಡ ಸ್ಟೀಲ್ ಡಬ್ಬಿ ಚಾಚಿ, ರಕ್ತ ಬೇಕು ಎಂದೆ. ಅಂಗಡಿಯವ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಹೊಸದಾಗಿ ಶುರು ಮಾಡೀರೇನ್ರಿ ಅಕ್ಕಾರ? ಎಷ್ಟ ಮಂದಿಗೆ?"

ಪ್ರಯೋಗಕ್ಕೆ ಎಷ್ಟು ಹುಡುಗರು ಎಂದು ಕೇಳಿದ ಎಂದುಕೊಂಡು, "ಇಪ್ಪತ್ತ ಮಂದಿಗೆ" ಎಂದೆ. ಅವನಿಗೆ ನನ್ನ ಮೇಲೆ ಗೌರವ ಹುಟ್ಟಿದಂತೆ ಕಂಡಿತು. ಡಬ್ಬಿ ಒಳಗೆ ಒಯ್ದ. ನಾನು ಬೆನ್ನು ತಿರುಗಿಸಿ ಪುಣೆಯ ಕಡೆ ಹೋಗುವ ಲಾರಿಗಳನ್ನು ನೋಡುತ್ತ ನಿಂತೆ. ತಿರುಗಿ ನೋಡುವ ಧೈರ್ಯ ಇರಲಿಲ್ಲ. "ಎಲ್ಲಾ ಬರೊಬ್ಬರಿ ಹಾಕೇನ್ರಿ, ಏನ ಚಿಂತಿ ಮಾಡಬ್ಯಾಡ್ರಿ" ಎಂದು ಅವನು ಡಬ್ಬಿ ಕೊಟ್ಟ. ಏನು ಹಾಕಿದೆ ಎಂದು ನಾನು ಕೇಳಲಿಲ್ಲ.

ರಕ್ತ ಸರಿಯಾಗಿ ಹೆಪ್ಪುಗಟ್ಟಲಿಲ್ಲ. ಬಸ್ಸಿನ ಕುಲುಕಾಟಕ್ಕೆ ಹಾಗಾಗಿರಬೇಕು ಎಂದುಕೊಂಡೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಯಂತ್ರದಲ್ಲಿ ತಿರುಗಿಸಿದೆ, ಕೆಂಪು ಛಾಯೆಯ ಹಳದಿ ನೀರು ಸಿಕ್ಕಿತು. ಆಕೆ ಸೀರಮನ್ನು ತೆಳ್ಳನೆಯ ಪೊರೆಯ ಚೀಲದಲ್ಲಿ ಕಟ್ಟಿ, ದೊಡ್ಡ ಪಾತ್ರೆಯ ದ್ರಾವಣದಲ್ಲಿ ಇಳಿಬಿಟ್ಟು, ಒಂದಿಡೀ ದಿನ ಮೂರು ಸಲ ನೀರು ಬದಲಿಸಿ ಅದರಲ್ಲಿನ ಉಪ್ಪನ್ನು ತೆಗೆಯುತ್ತಿದ್ದಳು. ನನಗೆ ಅದು ಕಾಲಹರಣವಾಗಿ ಕಂಡಿತ್ತು. ಐದು ಪಟ್ಟು ತೆಳು ಮಾಡಿದರೂ ಸಾಕು ಎಂದು ಪುಸ್ತಕದಲ್ಲಿ ಓದಿದ್ದೆ, ಹಾಗೇ ಮಾಡಿದೆ.

ಮಂಗಳವಾರ ಎರಡು ಕಾಲಂಗಳು ಅಕ್ಕಪಕ್ಕ ನಿಂತವು. ನನ್ನ ಮೊದಲ ನಾಲ್ಕು ನಳಿಕೆಗಳು ಕಡು ನೇರಳೆಯಾದವು. ನನಗೆ ಹಿಗ್ಗು. ಆಮೇಲಿನ ನಳಿಕೆ ನೀಲಿ. ಅದರ ಮುಂದಿನದು ನೀಲಿ. ಇಪ್ಪತ್ತನೆಯದೂ ನೀಲಿ. ಒಂದೂ ಪ್ರೋಟೀನು ಪುಡಿಗೆ ಅಂಟಿರಲಿಲ್ಲ, ಎಲ್ಲವೂ ಒಟ್ಟಿಗೆ ಕೆಳಗಿಳಿದು ಹೋಗಿದ್ದವು. ಆಕೆಯ ಕಡೆ ಏರಿಳಿತ ಎಂದಿಗಿಂತ ಚಂದ ಬಂದಿತ್ತು.

ಆಕೆ ನನ್ನ ಮಿಕ್ಕ ಸೀರಮಿಗೆ, ಉಪ್ಪನ್ನು ಪತ್ತೆ ಮಾಡುವ ಸಿಲ್ವರ್ ನೈಟ್ರೇಟಿನ ಒಂದು ಹನಿ ಬಿಟ್ಟಳು. ಬಿದ್ದದ್ದೇ ಮೊಸರಿನ ಹಾಗೆ ಬೆಳ್ಳಗೆ ಗಡ್ಡೆಕಟ್ಟಿತು.

"ಮೇಡಂ, ರಕ್ತ ಎಲ್ಲಿಂದ ತಂದ್ರಿ?"

"ಕಿತ್ತೂರಿಂದ."

"ಉಪ್ಪ ಹಾಕ್ಯಾನ್ರಿ ಅಂವ! ಅದಕ್ಕ ಒಂದೂ ಅಂಟಿಲ್ಲ. ಹುರಕೊಂಡ ತಿನ್ನೋ ಮಂದಿಗೆ ಡಬ್ಬಿಯಾಗ ಮೊದಲ ಹಿಡಿ ಉಪ್ಪ ಹಾಕಿ ಆಮ್ಯಾಲೆ ರಕ್ತ ಹಿಡೀತಾರ. ನಿಮ್ಮನ್ನ ಖಾನಾವಳಿಯಾಕಿ ಅಂತ ತಿಳದಾನ!" ಎಂದವಳು ನಗು ತಡೆಯಲಾರದೆ ಸೆರಗು ಕಚ್ಚಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗೆಯಲ್ಲಿ ವಿಷ ಇರಲಿಲ್ಲ, ಈಗ ಗೊತ್ತು. ಆವತ್ತು ಅದು ನನ್ನ ಎದೆಗೆ ಕೊಳ್ಳಿ ಇಟ್ಟಂತಾಯಿತು. ಮಾಂಸದಂಗಡಿಯ ಮುಂದೆ ನಿಂತದ್ದು, ಇಪ್ಪತ್ತು ಮಂದಿಗೆ ಎಂದದ್ದು, ಮನೆಯಲ್ಲಿ ಹೇಳಿದ ಸುಳ್ಳು, ಎಲ್ಲ ಕಣ್ಣ ಮುಂದೆ ಬಂತು. "ನನ್ನ ಸೀರಮ್ ಉಳದೈತ್ರಿ, ಜಲ್ದಿ ಇನ್ನೊಂದ ಸಣ್ಣ ಕಾಲಂ ಹಾಕೂನು ಬರ್ರಿ" ಎಂದು ಆಕೆ ಏಳುವಷ್ಟರಲ್ಲಿ ಸಮಿತಿ ಬಾಗಿಲಲ್ಲಿತ್ತು.

ಅವರಲ್ಲಿ ಹಿರಿಯರೊಬ್ಬರು ಆಕೆಯ ನಳಿಕೆಗಳ ಸಾಲಿನ ಮುಂದೆ ನಿಂತರು. ಕನ್ನಡಕ ಏರಿಸಿ ಒಂದೊಂದನ್ನೂ ನೋಡಿದರು. "ಭಾಳ ಸ್ವಚ್ಛ ಬಂದಾವಲ್ಲ! ಇದು ಯಾರ ಕೆಲಸ?" ಎಂದು ಕೇಳಿದರು. ಕೇಳಿದ್ದು ನನ್ನನ್ನು. ಬಾಗಿಲ ಹತ್ತಿರ ನಿಂತವಳು ನಾನು, ಪದಕದವಳೆಂದು ಅವರಿಗೆ ಪರಿಚಯ ಮಾಡಿಕೊಟ್ಟಿದ್ದೂ ನನ್ನನ್ನೇ.

"ನಮ್ಮ ವಿಭಾಗದ್ದು ರೀ ಸರ್" ಎಂದೆ.

ಇದು ಸುಳ್ಳಲ್ಲ ಎಂದು ನೀವು ಹೇಳಬಹುದು. ನಾನೂ ನನಗೆ ಹಾಗೇ ಹೇಳಿಕೊಂಡಿದ್ದೇನೆ. ಆಕೆ ಬಾಯಿ ತೆರೆದಳು. ಆದರೆ ಅದೇ ಗಳಿಗೆಯಲ್ಲಿ ಆಕೆಯ ಕಾಲಂನಲ್ಲಿ ನೀರು ಇಳಿದು ಪುಡಿಯ ಮಟ್ಟಕ್ಕೆ ಬಂದಿತ್ತು, ಆಲ್ಬುಮಿನ್ ಇನ್ನೂ ಒಳಗೇ ಇತ್ತು. ಆಕೆ ನನ್ನನ್ನು ನೋಡಿದಳು, ಕಾಲಂ ನೋಡಿದಳು. ಬಾಯಿ ಮುಚ್ಚಿ, ತಿರುಗಿ, ಉಪ್ಪಿನ ದ್ರಾವಣ ಎತ್ತಿಕೊಂಡು ಕಡ್ಡಿಯ ಮೇಲಿಂದ ನಿಧಾನಕ್ಕೆ ಸುರಿಯತೊಡಗಿದಳು. ಆಕೆ ಸುರಿದು ಮುಗಿಸುವಷ್ಟರಲ್ಲಿ ಸಮಿತಿಯವರು ಚಹಾಕ್ಕೆ ಹೋಗಿದ್ದರು.

ಹುದ್ದೆ ನನಗಾಯಿತು. ಪದಕಕ್ಕೇ ಆಯಿತು ಎಂದು ಎಲ್ಲರೂ ಹೇಳಿದರು. ಆ ಒಂದು ಮಾತಿಗೆ ಆಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಆಕೆ ಜಗಳವಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕೊನೆಯ ವಾರ ಆಕೆ ನನ್ನ ಮೇಜಿನ ಮುಂದೆ ಬಂದು ನಿಂತು, "ಬರೋ ವರ್ಷ ಹುಡುಗೂರಿಗೆ ಏನ ತೋರಸ್ತೀರಿ? ಏಳ್ರಿ" ಎಂದಳು. ಧ್ವನಿಯಲ್ಲಿ ತಮಾಷೆ ಇರಲಿಲ್ಲ. ಮಾವನ ಅಂಗಡಿಗೆ ಕರೆದೊಯ್ದು, "ಇನ್ನ ಮ್ಯಾಲೆ ಇವರಿಗೆ ಕೊಡ್ರಿ" ಎಂದು ಬರಣಿಯನ್ನು ನನ್ನ ಕೈಯಲ್ಲಿ ಇಟ್ಟಳು. ಅದು ಬೆಚ್ಚಗಿತ್ತು. ಕೈ ಹಿಂತೆಗೆಯಲು ಹೋದರೆ ಬಿಡಲಿಲ್ಲ. ಎರಡು ದಿನ ನನ್ನನ್ನು ಸ್ಟೂಲಿನಿಂದ ಏಳಗೊಡಲಿಲ್ಲ. ಚೀಲದ ಗಂಟು ಹೇಗೆ ಹಾಕುವುದು, ಗಂಜಿ ಎಷ್ಟು ತೆಳುವಿರಬೇಕು, ಯಾವಾಗ ಬಡಿಯಬೇಕು, ಎಲ್ಲ. ನನ್ನ ಕೈ ತಪ್ಪಿದರೆ ಗಾಜಿನ ಕಡ್ಡಿಯಿಂದ ಗೆಣ್ಣಿಗೆ ಒಂದು ಏಟು. ಎರಡನೆಯ ಸಂಜೆ ನನ್ನ ನಳಿಕೆಗಳಲ್ಲಿ ನೇರಳೆ ಏರಿತು, ಇಳಿಯಿತು, ಮತ್ತೆ ಏರಿತು.

ಆಕೆ ಬಗ್ಗಿ ನೋಡಿ, "ಬಂತು" ಎಂದಳು. ಕೈ ತೊಳೆದುಕೊಂಡು, "ಇನ್ನ ನಿಮಗ ನನ್ನ ಗರಜ ಇಲ್ಲ" ಎಂದು ಹೊರಟುಹೋದಳು. ಆಕೆಯನ್ನು ನಾನು ಅತಿ ಹೆಚ್ಚು ದ್ವೇಷಿಸಿದ್ದು ಆ ಸಂಜೆ. ಕಳೆದುಕೊಂಡವಳು ಏನಾದರೂ ಇಟ್ಟುಕೊಂಡು ಹೋಗಬೇಕಲ್ಲವೇ? ಆಕೆ ಏನೂ ಇಟ್ಟುಕೊಳ್ಳಲಿಲ್ಲ.

ರಾಮದುರ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿಯಾದಳು. ಆಮೇಲೆ ಹನ್ನೆರಡು ವರ್ಷ, ಆಕೆ ಸಾಯುವವರೆಗೂ, ನಾವು ಮುಖ ನೋಡಲಿಲ್ಲ. ಸುದ್ದಿ ಮಾತ್ರ ಬರುತ್ತಿತ್ತು, ನಾನೇ ಕೆದಕಿ ಕೇಳುತ್ತಿದ್ದೆ. ಸಲೈನಿನ ಹಳೆಯ ಬಾಟಲಿ ಕೊಳವೆಗಳಿಂದ ಹುಡುಗಿಯರ ಕೈಯಲ್ಲಿ ಕಾಲಂ ಕಟ್ಟಿಸುತ್ತಾಳಂತೆ, ಸೀಮೆಸುಣ್ಣದ ಪುಡಿಯಲ್ಲಿ ಮಸಿಯ ಬಣ್ಣಗಳನ್ನು ಬಿಡಿಸುತ್ತಾಳಂತೆ. ಒಂದು ವರ್ಷ ರಾಮದುರ್ಗದ ಹುಡುಗಿಯೊಬ್ಬಳು ನಮ್ಮ ಕಾಲೇಜಿಗೆ ಬಂದಳು. ಮೊದಲ ದಿನವೇ ದುಪಟ್ಟಾದ ತುದಿ ಕಚ್ಚಿ, ಗೆಣ್ಣಿನಿಂದ ಬಡಿಯುತ್ತಾ ಕಾಲಂ ತುಂಬಿದಳು. ಯಾರು ಕಲಿಸಿದರು ಎಂದು ಕೇಳುವ ಅಗತ್ಯವೇ ಇರಲಿಲ್ಲ. ವರ್ಷದ ಕೊನೆಗೆ ಆ ಹುಡುಗಿಗೆ ಪ್ರಾಯೋಗಿಕದಲ್ಲಿ ಎರಡು ಅಂಕ ಕಡಿಮೆ ಹಾಕಿದೆ. ಮೊನ್ನೆ ಫೋನು ಮಾಡಿ ಅತ್ತವಳು ಅವಳೇ.

ಇತ್ತ ನನ್ನ ವಿದ್ಯಾರ್ಥಿಗಳು, "ಕಾಲಂ ಅಂದ್ರ ನಮ್ಮ ಮೇಡಂ ಕೈ" ಎಂದು ಹೊಸಬರಿಗೆ ಹೇಳುತ್ತಾರೆ. ವಿಭಾಗದ ಮುಖ್ಯಸ್ಥೆಯಾದಾಗ ಮಾಡಿದ ಸನ್ಮಾನದಲ್ಲೂ ಅದನ್ನೇ ಹೇಳಿದರು. ನಾನು ಕೈ ಮುಗಿದು, ಹಾರ ಹಾಕಿಸಿಕೊಂಡೆ.

ಸುದ್ದಿ ಬಂದ ಮರುದಿನ, ಮೂರನೆಯ ದಿನದ ಪ್ರಾರ್ಥನೆಗೆಂದು, ಸಂಪಗಾಂವಕ್ಕೆ ಹೋದೆ. ಬಸ್ಸಿನಲ್ಲಿ ಒಂದು ವಾಕ್ಯ ಸಿದ್ಧ ಮಾಡಿಕೊಂಡಿದ್ದೆ: ನಾನು ಬೈಲಹೊಂಗಲ ಕಾಲೇಜಿನ ವಿಭಾಗ ಮುಖ್ಯಸ್ಥೆ, ಅವರ ಜೊತೆ ಎರಡು ವರ್ಷ ಕೆಲಸ ಮಾಡಿದ್ದೆ. ಒಳಗೆ ಹೆಂಗಸರು ಚಾಪೆಯ ಮೇಲೆ ಕುಳಿತಿದ್ದರು. ಹೆಚ್ಚಿನವರು ಹುಡುಗಿಯರು, ಕೆಲವರ ಮಡಿಲಲ್ಲಿ ಕೂಸು. ಗೋಡೆಗೆ ಒರಗಿ ಆಕೆಯ ತಾಯಿ. ಕಣ್ಣು ಅಷ್ಟಾಗಿ ಕಾಣದು ಎಂದು ಯಾರೋ ಹೇಳಿದರು. ಬಂದವರ ಕೈ ಹಿಡಿದು ಆ ಮುದುಕಿ ಎಲ್ಲರನ್ನೂ ಒಂದೇ ಮಾತು ಕೇಳುತ್ತಿದ್ದರು. ಹುಡುಗಿಯರು ತಾವು ಹತ್ತನೆಯ ತರಗತಿ ಮುಗಿಸಿದ ವರ್ಷ ಹೇಳಿ ಅಳುತ್ತಿದ್ದರು.

ನನ್ನ ಕೈಯನ್ನೂ ಹಿಡಿದರು.

"ನೀನೂ ಆಕಿ ಕಡೆ ಕಲತಾಕಿ ಏನ ಬೇಟಿ?"

ರಾಮದುರ್ಗದ ಆ ಹುಡುಗಿ ಅಲ್ಲೇ ಇದ್ದಳು. ಗಾಬರಿಯಿಂದ ಎದ್ದು, "ಅಮ್ಮಾ, ಇವರು ನಮ್ಮ ಕಾಲೇಜಿನ..." ಎಂದು ಶುರು ಮಾಡಿದಳು. ಸುಮ್ಮನಿರು ಎಂದು ಕೈ ಮಾಡಿದೆ. ಸಿದ್ಧ ಮಾಡಿಕೊಂಡ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ.

"ಹೌದ್ರಿ" ಎಂದೆ. "ಅವರ ಕಡೇನ ಕಲತೇನಿ."

"ಯಾವ ವರ್ಷದಾಕಿ?"

"ಇವರೆಲ್ಲಾರಕಿಂತ ಮೊದಲಿನಾಕಿ ರೀ. ಅವರು ಎಲ್ಲಾರಕಿಂತ ಮೊದಲ ಕಲಿಸಿದ್ದು ನನಗ."

ಹೇಳುತ್ತಿರುವಾಗಲೇ ನನಗೆ ಗೊತ್ತಾಯಿತು, ಅಲ್ಲಿಯೂ ನನಗೆ ಮೊದಲ ಸ್ಥಾನವೇ ಬೇಕಾಗಿತ್ತು. ಆ ಎರಡು ಟೆಂಪೋ ಹುಡುಗಿಯರ ಮೇಲೆ ನನಗೆ ಹೊಟ್ಟೆಕಿಚ್ಚು. ಮುದುಕಿ ನನ್ನ ಕೈ ಬಿಡದೆ ಹುಡುಗಿಯರ ಕಡೆ ಮುಖ ತಿರುಗಿಸಿ, "ಸರೀರೆವ್ವಾ, ಎಲ್ಲಾರಕಿಂತ ಹಿರ್ಯಾಕಿ ಬಂದಾಳ. ಜಾಗಾ ಕೊಡ್ರಿ" ಎಂದರು.

ಹುಡುಗಿಯರು ಸರಿದರು. ನಾನು ಅವರ ನಡುವೆ ಕುಳಿತೆ.